ಗದ್ದುಗೆಯ ಗುಳಿಗೆ

ಕಂಪ್ಲಿಯ ಪಂಪಮ್ಮನಿಗೆ ಮಗ ಸತ್ತ ದುಃಖದ ಜೊತೆಗೆ ಒಂದು ಭಯವೂ ಸೇರಿಕೊಂಡಿತ್ತು. ಸೊಸೆ ಅತ್ತಿರಲಿಲ್ಲ.

ಮಗ ಸಿದ್ದಲಿಂಗೇಶ್ ಅಕ್ಕಿ ಗಿರಣಿ ನಡೆಸುತ್ತಿದ್ದವನು. ಐವತ್ತು ತುಂಬಿರಲಿಲ್ಲ, ಮಕ್ಕಳಾಗಿರಲಿಲ್ಲ, ಬಿಪಿ ಮಾತ್ರ ಅಪ್ಪನಿಂದ ಬಂದ ಆಸ್ತಿಯ ಹಾಗೆ ಗಟ್ಟಿಯಾಗಿ ಬಂದಿತ್ತು. ಒಂದು ಬೆಳಿಗ್ಗೆ ಗಿರಣಿಯಲ್ಲಿ ಹಮಾಲರಿಗೆ ಏನೋ ಹೇಳುತ್ತ ನಿಂತವನು ಅಲ್ಲೇ ಭತ್ತದ ಚೀಲಗಳ ಮೇಲೆ ಒರಗಿದ. ಹೊಸಪೇಟೆಯ ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟಿದ್ದ. ತಲೆಯೊಳಗಿನ ನರ ಒಡೆದಿದೆ ಎಂದರು. ಅದಾದ ಮೇಲೆ ಅವನ ಅಂಗಿಗಳನ್ನು ಒಗೆಯಲು ತೆಗೆದಾಗ ಜೇಬು ಜೇಬಿನಲ್ಲೂ ಗುಳಿಗೆಗಳು ಸಿಕ್ಕವು. ಹೆಂಡತಿ ಶಾಂಭವಿ ದಿನವೂ ಬೆಳಿಗ್ಗೆ ಕೊಡುತ್ತಿದ್ದ ಬಿಪಿ ಗುಳಿಗೆಗಳು. ಆ ಮಹಾರಾಯ ಒಂದನ್ನೂ ನುಂಗದೆ ಜೇಬಿಗೆ ಇಳಿಸಿಕೊಂಡು ಗಿರಣಿಗೆ ಹೋಗುತ್ತಿದ್ದ. ಶಾಂಭವಿ ಅವನ್ನೆಲ್ಲ ಒಂದು ತಟ್ಟೆಗೆ ಸುರಿದುಕೊಂಡು ಬಂದು, 'ಅತ್ತೀ, ಇವನ್ನ ಎಲ್ಲಿ ಹಾಕ್ಲಿ?' ಎಂದು ಕೇಳಿದಳು, ಸೊಪ್ಪಿನ ಕಡ್ಡಿ ಎಲ್ಲಿ ಹಾಕಲಿ ಎಂದು ಕೇಳುವ ದನಿಯಲ್ಲಿ. ಪಂಪಮ್ಮ ಅವತ್ತೇ ಹೆದರಿದ್ದು.

ಸತ್ತ ಮನೆಗೆ ಬರುವ ನಮ್ಮ ಜನರಿಗೂ ಒಂದು ಲೆಕ್ಕವಿರುತ್ತದೆ. ಹೆಂಡತಿ ಹೇಗೆ ಅತ್ತಳು, ಎಷ್ಟು ಸಲ ಎಚ್ಚರ ತಪ್ಪಿದಳು, ಯಾರು ಹಿಡಿದುಕೊಂಡರು, ಎಲ್ಲವನ್ನೂ ಕಣ್ಣಲ್ಲಿ ತುಂಬಿಕೊಂಡು ಹೋಗಿ ಓಣಿಗೆ ಹಂಚಬೇಕಲ್ಲ. ಶಾಂಭವಿ ಅವರಿಗೆ ಹಂಚಲು ಏನನ್ನೂ ಕೊಡಲಿಲ್ಲ. ಬದಲಿಗೆ ಚಹಾ ಮಾಡಲು ಎದ್ದಳು. ಇವತ್ತು ಒಲೆ ಹಚ್ಚಬಾರದವ್ವಾ ಎಂದು ಯಾರೋ ರಟ್ಟೆ ಹಿಡಿದು ಕೂರಿಸಬೇಕಾಯಿತು.

ಅವಳಿಗೆ ನೋವಿರಲಿಲ್ಲ ಎಂದು ಯಾರಾದರೂ ಅಂದುಕೊಂಡರೆ ಅದು ಅವರ ದಡ್ಡತನ. ನೋವಿರಬೇಕಾದ ಜಾಗ ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ದವಡೆಯ ಹಾಗೆ ಆಗಿತ್ತು. ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯದು. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಬಚ್ಚಲಿಗೆ ಹೋದವಳು ನೀರು ತಣ್ಣಗಾಗುವವರೆಗೆ ಚೊಂಬು ಹಿಡಿದು ಕುಳಿತಿರುತ್ತಿದ್ದಳು. ಕೊನೆಗೆ ಪಂಪಮ್ಮ ಮಠದ ಕೊಟ್ರಯ್ಯನವರನ್ನು ಕರೆಸಿದಳು.

'ಅಯ್ಯಾರ, ಅಳೋರಿಗೆ ಸಮಾಧಾನ ಮಾಡಬೌದು. ಅಳಲಾರದಾಕಿಗೆ ಏನ್ ಮಾಡ್ಲಿ? ಆಕಿ ಸುಮ್ನ ಕುಂತ್ರ ನಂಗ ದಿಗಿಲಾಕ್ಕೈತಿ. ಎಲ್ಲಿಗರ ಕರಕೊಂಡು ಹೋಗ್ರಿ, ಏನರ ಕೆಲಸಾ ಹಚ್ರಿ.'

ಕೊಟ್ರಯ್ಯನವರು ಹೊಸಪೇಟೆಯ ಕಲ್ಲುಗವಿ ಮಠದ ಕೆಲಸ ನೋಡಿಕೊಳ್ಳುತ್ತಿದ್ದ ಜಂಗಮರು, ಕನ್ನಡ ಮೇಷ್ಟರಾಗಿ ನಿವೃತ್ತರಾದವರು. ಮೇಷ್ಟರಾದವರಿಗೆ ಊರನ್ನೇ ತಿದ್ದುವ ಚಟವಿರುತ್ತದೆ. ಇವರ ಚಟಕ್ಕೆ ಸಿಕ್ಕಿದ್ದು ಮಠದ ಆರೋಗ್ಯ ದಾಸೋಹ. ತಿಂಗಳಿಗೊಂದು ಭಾನುವಾರ ಡಾಕ್ಟರನ್ನೂ ಔಷಧಿಯನ್ನೂ ಟಿಟಿ ಗಾಡಿಯಲ್ಲಿ ಹಾಕಿಕೊಂಡು ಹಳ್ಳಿಗೆ ಹೋಗಿ, ಅಲ್ಲಿಯ ಗುಡಿಯಲ್ಲಿ ಕುಳಿತು ಪುಕ್ಕಟೆ ನೋಡಿ ಬರುವುದು. ಶಾಂಭವಿ ಡಿಗ್ರಿ ಓದಿದವಳು, ಚೀಟಿಯ ಮೇಲಿನ ಇಂಗ್ಲಿಷು ಓದಬಲ್ಲಳು. ಅವಳನ್ನು ಔಷಧಿ ಕೊಡುವ ಟೇಬಲ್ಲಿಗೆ ಕೂರಿಸಿದರು.

ಹೀಗೆ ಶಾಂಭವಿ ತಿಂಗಳಿಗೊಮ್ಮೆ ಕಂಪ್ಲಿಯಿಂದ ಮೊದಲ ಬಸ್ಸಿಗೆ ಹೊಸಪೇಟೆಗೆ ಬರತೊಡಗಿದಳು. ಅಲ್ಲಿಂದ ಟಿಟಿ. ಸಂಡೂರು ದಾಟುವಷ್ಟರಲ್ಲಿ ಅದಿರಿನ ಲಾರಿಗಳ ಧೂಳಿಗೆ ಗಾಡಿಯ ಗಾಜೂ ಒಳಗಿದ್ದವರ ಮೂಗೂ ಕೆಂಪಾಗುತ್ತಿದ್ದವು. ಚೋರನೂರು ಕಳೆದು ಮೆಕ್ಕೆಜೋಳದ ಹೊಲಗಳ ನಡುವೆ ಒಂದಿಷ್ಟು ಕುಲುಕಾಡಿದರೆ ಹಿರೇಕೊಳ್ಳ. ಊರ ನಡುವಿನ ಬಸವಣ್ಣನ ಗುಡಿಯ ಪಡಸಾಲೆಯೇ ದವಾಖಾನೆ. ಒಂದು ಕಂಬದ ಬದಿಗೆ ಡಾಕ್ಟರ್ ಪ್ರಭಂಜನ, ಇನ್ನೊಂದು ಕಂಬದ ಬದಿಗೆ ಶಾಂಭವಿ. ಡಾಕ್ಟರ ತಂದೆ ಹಂಪಿಯಲ್ಲಿ ವಿಷ್ಣುವಿನ ಗುಡಿಯೊಂದರ ಅರ್ಚಕರು. ಮಗ ಶಿವನ ಮಠದ ಗಾಡಿ ಹತ್ತಿ ಬರುತ್ತಿದ್ದ, ಕೈ ಮುಗಿದು ಎಲ್ಲರನ್ನೂ ನೋಡುತ್ತಿದ್ದ, ಆದರೆ ಊಟದ ಹೊತ್ತಿಗೆ ಮಾತ್ರ ಮನೆಯಿಂದ ತಂದ ಡಬ್ಬಿ ಬಿಚ್ಚಿ ಒಂದು ಮೂಲೆಗೆ ಸರಿಯುತ್ತಿದ್ದ. ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಮಡಿ.

ಶಾಂಭವಿಗೆ ಆ ಕೆಲಸ ಒಗ್ಗಿತು. ಚೀಟಿ ನೋಡುವುದು, ಗುಳಿಗೆ ಕವರಿಗೆ ಹಾಕುವುದು, ಜೊತೆಗೊಂದು ವಿಭೂತಿಯ ಪೊಟ್ಟಣ ಇಡುವುದು, ಕೊಡುವುದು. ಕೈ ದುಡಿಯುತ್ತಿದ್ದರೆ ತಲೆ ಬರಬೇಕಾಗಿರಲಿಲ್ಲ. ಅಳುವ ಮಗುವನ್ನು ಕಂಡರೂ ಅವಳ ಮುಖ ಅಲುಗುತ್ತಿರಲಿಲ್ಲ, ಹುಣ್ಣು ಕೊಳೆತ ಕಾಲನ್ನು ಕಂಡರೂ ಅಲುಗುತ್ತಿರಲಿಲ್ಲ. ಊರ ಹೆಂಗಸರು, 'ಆ ಅಮ್ಮ ಎಷ್ಟು ಶಾಂತ ಅದಾರ, ಶರಣರ ಮುಖಾ ಅದು' ಎಂದು ಮಾತಾಡಿಕೊಂಡರು. ಬದುಕು ಮರಗಟ್ಟಿದ ಮುಖವನ್ನೂ ಭಕ್ತಿಯ ಮುಖವನ್ನೂ ಬೇರೆ ಮಾಡಿ ನೋಡಬಲ್ಲವರು ನಮ್ಮ ಕಡೆ ಕಡಿಮೆ.

ಆ ವಿಭೂತಿ ಪೊಟ್ಟಣದ ಸಂಗತಿ ಹೇಳಬೇಕು. ದಾಸೋಹ ಶುರುವಾದ ಹೊಸದರಲ್ಲಿ ಗುಳಿಗೆ ಇಸಿದುಕೊಂಡು ಹೋದವರು ಅದನ್ನು ನುಂಗುತ್ತಲೇ ಇರಲಿಲ್ಲ. ಬಿಪಿ ಎನ್ನುವುದು ನೋವಿಲ್ಲದ ರೋಗ. ಎಲ್ಲೂ ನೋಯದಿದ್ದ ಮೇಲೆ ದಿನಾ ಗುಳಿಗೆ ನುಂಗುವುದು ಯಾಕೆ ಎಂದು ಯಾವ ಬುದ್ಧಿವಂತನಾದರೂ ಕೇಳುತ್ತಾನೆ, ಕಂಪ್ಲಿಯ ಗಿರಣಿಯ ಸಾಹುಕಾರನೇ ಕೇಳಲಿಲ್ಲವೇ. ಆಗ ಕೊಟ್ರಯ್ಯನವರು ಒಂದು ಉಪಾಯ ಹೂಡಿದರು. ಕಲ್ಲುಗವಿ ಮಠದಲ್ಲಿ ಅದನ್ನು ಕಟ್ಟಿದ ಹಿರಿಯ ಅಜ್ಜನ ಗದ್ದುಗೆಯಿದೆ. ಅಜ್ಜ ಸಮಾಧಿಯಾದ ಜಾಗ ಅದು, ಸುತ್ತಲಿನ ಊರುಗಳೆಲ್ಲ ಅದಕ್ಕೆ ನಡೆದುಕೊಳ್ಳುತ್ತವೆ. ಔಷಧಿಯ ಪೆಟ್ಟಿಗೆಗಳನ್ನು ಶನಿವಾರ ಆ ಗದ್ದುಗೆಯ ಮುಂದಿಟ್ಟು, ಮಂಗಳಾರತಿ ಮಾಡಿಸಿ, ಭಾನುವಾರ ತಂದು ಮೈಕಿನಲ್ಲಿ ಹೇಳಿದರು.

'ಇದು ಬರೇ ಔಷಧಿ ಅಲ್ರಪಾ. ಗದ್ದಿಗಿಗೆ ಏರಿಸಿ ತಂದಿರೋ ಅಜ್ಜನ ಪ್ರಸಾದ. ಚೆಲ್ಲಬಾರದು, ಮರೀಬಾರದು.'

ಅಷ್ಟು ಸಾಕಾಯಿತು. ಮರುತಿಂಗಳು ಖಾಲಿ ಶೀಟುಗಳು ಬರತೊಡಗಿದವು. ಜನ ಎರಡೂ ಕೈ ಒಡ್ಡಿ ಇಸಿದುಕೊಂಡು, ಕಣ್ಣಿಗೆ ಒತ್ತಿಕೊಂಡು ಹೋಗುತ್ತಿದ್ದರು. ಡಾಕ್ಟರ್ ಪ್ರಭಂಜನ ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ 'ನುಂಗಿದ್ರೆ ಸಾಕು, ಯಾವ ದೇವ್ರ ಹೆಸ್ರಲ್ಲಾದ್ರೂ ನುಂಗ್ಲಿ' ಎಂದು ಒಪ್ಪಿಕೊಂಡ. ಬೇರೆ ಮಠದವರು ಬಂದು ನೋಡಿಕೊಂಡು ಹೋದರು. ಕೊಟ್ರಯ್ಯನವರ ನಡಿಗೆಯೇ ಬದಲಾಯಿತು.

ಎಲ್ಲರಿಗೂ ಕೆಲಸ ಮಾಡಿದ ಉಪಾಯ ಒಬ್ಬಳಿಗೆ ಮಾತ್ರ ಮಾಡಲಿಲ್ಲ. ಅವಳು ಜಂಬವ್ವ.

ಜಂಬವ್ವ ಅರವತ್ತು ದಾಟಿದ, ಎಲುಬಿನಂಥ ಹೆಂಗಸು. ಸಾಲಿನಲ್ಲಿ ಮೊದಲು ಬಂದು ನಿಲ್ಲುವವಳೂ ಅವಳೇ, ಗುಳಿಗೆಯ ಕವರನ್ನು ಹೆಚ್ಚು ಹೊತ್ತು ಕಣ್ಣಿಗೆ ಒತ್ತಿಕೊಳ್ಳುವವಳೂ ಅವಳೇ. ಆದರೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಾಗಲೆಲ್ಲ ಬಿಪಿ ಇನ್ನೂರರ ಹತ್ತಿರವೇ ನಿಂತಿರುತ್ತಿತ್ತು. ಗುಳಿಗೆ ಕೊಡುವ ಮುಂಚೆ ಎಷ್ಟಿತ್ತೋ ಕೊಟ್ಟ ಮೇಲೂ ಅಷ್ಟೇ. ಡಾಕ್ಟರು ಒಂದಿದ್ದದ್ದನ್ನು ಎರಡು ಮಾಡಿದ. ಆದರೂ ಇಳಿಯಲಿಲ್ಲ.

ಈ ಕತೆ ನಡೆದ ಭಾನುವಾರ ಜಂಬವ್ವ ಸೊಸೆಯನ್ನೂ ಕರೆದುಕೊಂಡು ಬಂದಿದ್ದಳು. ಸೊಸೆಯ ಹೆಸರು ಗಂಗಾಂಬಿಕಾ, ಐದು ತಿಂಗಳು ತುಂಬಿದ ಬಸುರಿ. ಸಾಲಿನಲ್ಲಿ ನಿಂತಲ್ಲೇ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕುಳಿತಳು. ಡಾಕ್ಟರು ನೋಡಿದ. ಅತ್ತೆಯ ಬಿಪಿ ಮುಗಿಲಿಗೆ ಏರಿದ್ದರೆ ಸೊಸೆಯದು ನೆಲಕ್ಕೆ ಹತ್ತಿತ್ತು. ರಕ್ತ ಕಡಿಮೆ ಇರಬೇಕು ಎಂದುಕೊಂಡು ಕಬ್ಬಿಣದ ಗುಳಿಗೆ ಬರೆದುಕೊಟ್ಟ. ಆಮೇಲೆ ಜಂಬವ್ವನ ಕಡೆ ತಿರುಗಿದ.

'ಅವ್ವಾ, ಖರೇ ಹೇಳ್ರಿ. ನೀವು ಗುಳಿಗೆ ನುಂಗ್ತಿಲ್ಲ.'

'ಅಜ್ಜನ ಆಣಿ ನುಂಗೀನ್ರಿ. ಒಂದಿನಾನೂ ತಪ್ಪಿಸಿಲ್ಲ.' ಜಂಬವ್ವ ಸೆರಗಿನ ಗಂಟು ಬಿಚ್ಚಿ ಖಾಲಿ ಶೀಟುಗಳನ್ನು ಟೇಬಲ್ಲಿನ ಮೇಲಿಟ್ಟಳು. ಒಂದು ಗುಳಿಗೆಯೂ ಉಳಿದಿರಲಿಲ್ಲ.

ಡಾಕ್ಟರು ಶೀಟುಗಳನ್ನು ತಿರುಗಿಸಿ ತಿರುಗಿಸಿ ನೋಡಿ ಸೋತ. 'ಬಳ್ಳಾರಿ ದೊಡ್ಡಾಸ್ಪತ್ರಿಗೆ ಹೋಗ್ರಿ' ಎಂದ. ಜಂಬವ್ವ ಬಳ್ಳಾರಿಗೆ ಹೋದವರು ಬರುವುದು ಹೇಗೆಂದು ತನಗೆ ಗೊತ್ತೆಂದೂ ಅಜ್ಜನ ಗುಳಿಗೆಯೇ ಸಾಕೆಂದೂ ಹೇಳಿದಳು. ಕೊನೆಗೆ ಆತ ಹಳೆಯದನ್ನು ನಿಲ್ಲಿಸಿ ಬೇರೊಂದು ಜೋರಿನ ಗುಳಿಗೆ ಬರೆದ. ಚೀಟಿಯನ್ನು ಶಾಂಭವಿಯ ಕಡೆ ಚಾಚಿ ತಗ್ಗಿದ ದನಿಯಲ್ಲಿ ಹೇಳಿದ.

'ಇದನ್ನ ಇವತ್ತು ಊಟ ಆದ ಕೂಡ್ಲೇ ಒಂದು ನುಂಗ್ಬೇಕು, ಆಮೇಲೆ ದಿನಾ. ಬಸುರಿಯರಿಗೆ ಕೊಡೋ ಹಂಗಿಲ್ಲ ಇದು, ಹೊಟ್ಟ್ಯಾಗಿನ ಕೂಸಿಗೆ ಅಪಾಯ. ಈ ಅವ್ವಗೆ ಆ ಚಿಂತಿಲ್ಲ. ಆದ್ರೆ ಇದಕ್ಕೂ ಇಳೀಲಿಲ್ಲಾಂದ್ರೆ ನನ್ನ ಕೈಯಾಗಿಲ್ಲ. ಯಾವ ಹೊತ್ತಿನಾಗ ತಲೆ ನರ ಒಡೀತದೋ ಹೇಳಕ್ಕಾಗಲ್ಲ.'

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಯಾರ ಮುಂದೆ ಈ ಮಾತು ಆಡಿದೆ ಎನ್ನುವುದು ನೆನಪಾಯಿತು. ಮುಖ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿಕೊಂಡ.

'ಮುಂದಿನೋರನ್ನ ಕರೀಲಾ ಡಾಕ್ಟ್ರೇ?' ಎಂದಳು ಶಾಂಭವಿ.

ಅವಳು ಗುಳಿಗೆ ಕವರಿಗೆ ಹಾಕಿದಳು, ವಿಭೂತಿ ಇಟ್ಟಳು, ಚಾಚಿದಳು. ಜಂಬವ್ವ ಎರಡೂ ಕೈಯಲ್ಲಿ ಹಿಡಿದು ಎಳೆದುಕೊಂಡಳು. ಕವರು ಬರಲಿಲ್ಲ. ಮತ್ತೊಮ್ಮೆ ಎಳೆದಳು. ಶಾಂಭವಿಯ ಬೆರಳುಗಳು ಅದನ್ನು ಬಿಗಿಯಾಗಿ ಹಿಡಿದಿದ್ದವು, ಅವಳಿಗೆ ಗೊತ್ತೇ ಇರಲಿಲ್ಲ. 'ಬಿಡ್ರಿ ಅಮ್ಮಾರ' ಎಂದು ಜಂಬವ್ವ ನಕ್ಕಾಗ ಬಿಟ್ಟಳು.

ಮಧ್ಯಾಹ್ನ ಗುಡಿಯ ಹಿಂದೆ ಊಟದ ಎಲೆ ಹಾಕಿದರು. ಕೊಟ್ರಯ್ಯನವರು, 'ಬರ್ರಿ ಶಾಂಭವಿ, ಕುಂದ್ರಿ' ಎಂದು ಕರೆದರು. ಅವಳು ಬಂದೆ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಊಟದ ಕಡೆಗೆ ಹೋಗದೆ ಊರೊಳಗೆ ನಡೆದಳು. ಜಂಬವ್ವನ ಮನೆ ಯಾವುದೆಂದು ಬಾವಿಯ ಹತ್ತಿರ ಕೇಳಿದಳು. ಯಾಕೆ ಹೊರಟೆ ಎಂದು ಯಾರಾದರೂ ಕೇಳಿದ್ದರೆ ದೊಡ್ಡ ಕಾರಣವನ್ನೇನೂ ಹೇಳುತ್ತಿರಲಿಲ್ಲ. ಆ ಗುಳಿಗೆ ಗಂಟಲಲ್ಲಿ ಇಳಿಯುವುದನ್ನು ಅವಳು ಕಣ್ಣಾರೆ ನೋಡಬೇಕಾಗಿತ್ತು. ಕೈಗೆ ಕೊಟ್ಟ ಗುಳಿಗೆಯನ್ನು ಒಬ್ಬರಾದರೂ ನುಂಗುವುದನ್ನು ನೋಡಬೇಕಾಗಿತ್ತು, ಅಷ್ಟೇ.

ಜಂಬವ್ವನದು ಮಣ್ಣಿನ ಮಾಳಿಗೆಯ ತಗ್ಗು ಮನೆ. ಒಳಗೆ ಆಗತಾನೆ ಊಟ ಮುಗಿದಿತ್ತು. ಗಂಡ ಪಂಪಣ್ಣ ಗೋಡೆಗೆ ಒರಗಿ ಹಲ್ಲಿಗೆ ಕಡ್ಡಿ ಹಾಕಿಕೊಂಡಿದ್ದ, ಪಕ್ಕದಲ್ಲಿ ಮಗ, ಬಾಗಿಲ ಹತ್ತಿರ ಗಂಗಾಂಬಿಕಾ. ಮೂವರೂ ಸುಮ್ಮನೆ ಕುಳಿತಿರಲಿಲ್ಲ, ಏನಕ್ಕೋ ಕಾಯುತ್ತಿದ್ದರು. ಶಾಂಭವಿಯನ್ನು ಕಂಡು ಎಲ್ಲರೂ ಗಡಬಡಿಸಿ ಎದ್ದರು.

'ಅಯ್ಯ, ಅಮ್ಮಾರು. ಹೊತ್ತಿಗೆ ಸರಿಯಾಗಿ ಬಂದ್ರಿ ನೋಡ್ರಿ. ಕುಂದ್ರಿ ಕುಂದ್ರಿ,' ಎಂದಳು ಜಂಬವ್ವ.

ಅವಳು ದೇವರ ಜಗುಲಿಯ ಮುಂದೆ ಕುಳಿತಿದ್ದಳು. ಬೆಳಿಗ್ಗೆ ಕೊಟ್ಟ ಕವರು ಜಗುಲಿಯ ಮೇಲಿತ್ತು, ಅದರ ಮೇಲೊಂದು ಕಣಗಿಲ ಹೂ. ಮುಂದೆ ಸಣ್ಣ ತಟ್ಟೆ, ಅಡಕೊತ್ತು. ಜಂಬವ್ವ ಕವರಿಗೆ ಕೈಮುಗಿದು, ಒಂದು ಗುಳಿಗೆ ಬಿಡಿಸಿ, ಅಡಕೊತ್ತಿನ ಬಾಯಿಗಿಟ್ಟು ಕಟ್ಟನೆ ಕತ್ತರಿಸಿದಳು. ಹೋಳನ್ನು ಮತ್ತೆ ಹೋಳು ಮಾಡಿದಳು. ಕೈ ಪಳಗಿತ್ತು, ಪುಡಿ ಕೂಡ ಉದುರಲಿಲ್ಲ. ಗಂಡನಿಗೊಂದು ಚೂರು ಕೊಟ್ಟಳು, ಮಗನಿಗೊಂದು. ಇಬ್ಬರೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು.

ಶಾಂಭವಿ ನೋಡುತ್ತ ನಿಂತಳು. ಕಣ್ಣಿಗೆ ಕಾಣುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಮೂರನೆಯ ಚೂರು ಗಂಗಾಂಬಿಕಾಳ ಕೈಗೆ ಹೋಯಿತು. ಆ ಹುಡುಗಿ ಎರಡೂ ಕೈ ಕೂಡಿಸಿ ಇಸಿದುಕೊಂಡು ಬಾಯಿಯ ಹತ್ತಿರ ತಂದಳು. ಆಗ ಶಾಂಭವಿ ಹೋಗಿ ಅವಳ ಮಣಿಕಟ್ಟು ಹಿಡಿದಳು.

'ತಿನ್ನಬ್ಯಾಡ.'

ಬಾಯಿಗೆ ಹೋಗುವ ಪ್ರಸಾದವನ್ನು ತಡೆಯುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಪಂಪಣ್ಣ ಹಲ್ಲುಕಡ್ಡಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

'ಯಾಕ್ರೀ ಅಮ್ಮಾರ?' ಎಂದಳು ಜಂಬವ್ವ.

'ಎಷ್ಟ ದಿನದಿಂದ ಹಿಂಗ ಹಂಚ್ತೀರಿ?'

'ಮೊದಲಿನಿಂದನೂ. ಅಜ್ಜನ ಪ್ರಸಾದ ಒಬ್ಬಾಕಿ ಹೆಂಗ ತಿನ್ಲಿ? ಮನಿ ಮಂದಿನೆಲ್ಲ ಮುಂದ ಕುಂದ್ರಿಸಿಕೊಂಡು ಒಬ್ಬಾಕಿ ನುಂಗಿದ್ರ ಅದು ಮೈಗೆ ಹತ್ತೀತೇನ್ರಿ? ನಮ್ಮ ಪಾಲಷ್ಟ ಅಲ್ರಿ, ನಿಮ್ಮದೂ ತಗದಿಟ್ಟೀನಿ.'

'ನಂದಾ?'

ಜಂಬವ್ವ ಜಗುಲಿಯಿಂದ ಒಂದು ಹಿತ್ತಾಳೆಯ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ಒಳಗೆ ಗುಳಿಗೆಯ ಚೂರುಗಳು, ಬಿಳಿಯವು, ತಿಂಗಳು ತಿಂಗಳು ಕೂಡಿಟ್ಟವು.

'ನೀಡಿದಾಕಿ ಕಡೀಕ ಉಣ್ಣಬೇಕಲ್ರೀ. ನೀವು ಊರ ಮಂದಿಗೆಲ್ಲ ಪ್ರಸಾದ ಕೊಟ್ಟು ನಿಮ್ಮ ಬಾಯಿಗೆ ಒಂದೂ ಹಾಕ್ಕೊಳ್ಳದ ಬರೇ ಕೈಲೆ ಗಾಡಿ ಹತ್ತತೀರಿ. ನಾ ನೋಡೀನಿ. ಗುಡ್ಯಾಗ ಎಲ್ಲರ ಮುಂದ ಕೊಟ್ರ ತಗೊಳ್ತೀರೋ ಇಲ್ಲೋ ಅಂತ ಇಟ್ಟಿದ್ದೆ. ನಿಮ್ಮ ಯಜಮಾನ್ರು ಹೋದ್ರು ಅಂತ ಅಯ್ಯಾರು ಹೇಳಿದ್ರು. ಅಂಥಾಕಿಗೆ ಅಜ್ಜನ ಪಾಲು ಬ್ಯಾಡೇನು?'

ಶಾಂಭವಿ ಡಬ್ಬಿಯನ್ನು ನೋಡಿದಳು. ಒಬ್ಬ ಮನುಷ್ಯ ಉಡಾಫೆಯಿಂದ ನುಂಗದೆ ಜೇಬು ತುಂಬಿಸಿಕೊಂಡಿದ್ದ. ಈ ಮುದುಕಿ ಅವಳ ಹೆಸರಿನಲ್ಲಿ ತನ್ನ ಜೀವವನ್ನು ಕತ್ತರಿಸಿ ಡಬ್ಬಿ ತುಂಬಿಸಿದ್ದಳು. ಕೊನೆಗೆ ಎರಡೂ ಒಂದೇ, ಹೊಟ್ಟೆಗೆ ಹೋಗದ ಗುಳಿಗೆ. ಅವಳಿಗೆ ಸಿಟ್ಟು ಬರಬೇಕಾಗಿತ್ತು, ಇಲ್ಲವೆ ಎದೆ ತುಂಬಿ ಬರಬೇಕಾಗಿತ್ತು. ಏನೂ ಬರಲಿಲ್ಲ. ಗಂಗಾಂಬಿಕಾಳ ಅಂಗೈಯ ಚೂರನ್ನು ತೆಗೆದು ತಟ್ಟೆಗೆ ಹಾಕಿದಳು.

'ಅವ್ವಾ, ಇದು ನಿಮ್ಮ ರೋಗಕ್ಕಷ್ಟ ಇರೋದು. ನಿಮಗ ಪೂರ್ತಿ ಹೋಗಬೇಕು. ಉಳಿದೋರಿಗೆ ಇದು ಬ್ಯಾಡ. ಈ ಹುಡಿಗಿ ತಲಿ ತಿರಗಿ ಕುಂತಿದ್ದು ಇದರಿಂದನ. ಇವತ್ತು ಕೊಟ್ಟಿದ್ದಂತೂ ಆಕಿ ಹೊಟ್ಟ್ಯಾಗಿನ ಕೂಸಿಗೆ ಆಗಂಗಿಲ್ಲ.'

ಗಂಗಾಂಬಿಕಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಜಂಬವ್ವನ ಮುಖ ಮಾತ್ರ ಗಂಟಾಯಿತು.

'ಪ್ರಸಾದದಿಂದ ಕೂಸಿಗೆ ಕೇಡಾಕ್ಕೈತೇನ್ರಿ?'

'ಇದು ಪ್ರಸಾದ ಅಲ್ಲ. ಔಷಧಿ.'

ಆಡಿದ ಮೇಲೆ ಈ ಮಾತು ಆಡಬಾರದಿತ್ತು ಎಂದು ಶಾಂಭವಿಗೆ ತಿಳಿಯಿತು. ಜಂಬವ್ವ ಅವಳನ್ನೇ ನೋಡಿದಳು. ಆಮೇಲೆ ಜಗುಲಿಯ ಮೇಲಿನ ಕವರನ್ನು ಎತ್ತಿ, ಹೂವನ್ನು ಬೇರೆ ತೆಗೆದಿಟ್ಟು, ಕವರನ್ನು ಅವಳ ಕಡೆಗೆ ಸರಿಸಿದಳು.

'ಹಂಗಾರ ನಂಗ್ಯಾಕ್ರಿ ಇದು. ನಂಗೇನು ನೋವಾ, ಬ್ಯಾನಿಯಾ? ಅಜ್ಜಂದು ಅಂತ ತಿಂತಿದ್ದೆ. ಔಷಧಿ ಆದ್ರ ತಗೊಂಡು ಹೋಗ್ರಿ.'

ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಮನೆಗೆ ಬಂದವರಿಗೆ ನಿಮ್ಮ ಸಾಮಾನು ನೀವೇ ಇಟ್ಟುಕೊಳ್ಳಿ ಎಂದು ಮರ್ಯಾದೆಯಿಂದ ಹೇಳುವ ಹಾಗೆ ಹೇಳಿದ್ದಳು. ಇಂಥವರನ್ನು ಒಲಿಸುವುದು ಸಿಟ್ಟಾದವರನ್ನು ಒಲಿಸುವುದಕ್ಕಿಂತ ಕಷ್ಟ. ಪ್ರಸಾದ ಎಂದರೆ ಹಂಚುತ್ತಾಳೆ, ಔಷಧಿ ಎಂದರೆ ಬಿಡುತ್ತಾಳೆ. ಎರಡಕ್ಕೂ ಕೊನೆಯಲ್ಲಿ ಒಡೆಯುವುದು ಅದೇ ನರ. ಶಾಂಭವಿ ಇದನ್ನೆಲ್ಲ ಬೇರೆ ಯಾರದೋ ಮನೆಯ ಲೆಕ್ಕದ ಹಾಗೆ ಯೋಚಿಸಿದಳು. ಗುಡಿಯ ಕಡೆಯಿಂದ ಟಿಟಿಯ ಹಾರ್ನು ಕೇಳಿಸಿತು, ಊಟ ಮುಗಿದಿರಬೇಕು. ಕವರು ಎತ್ತಿಕೊಂಡು ಹೋಗಿಬಿಡಬಹುದಿತ್ತು. ಮುಂದಿನ ತಿಂಗಳು ಸಾಲಿನಲ್ಲಿ ಜಂಬವ್ವ ಇರುತ್ತಿರಲಿಲ್ಲ, ಯಾರೋ ಯಾಕೆಂದು ಹೇಳುತ್ತಿದ್ದರು, ತಾನು ಮುಂದಿನವರನ್ನು ಕರೆಯುತ್ತಿದ್ದಳು.

ಅವಳು ಹೋಗಲಿಲ್ಲ. ಜಂಬವ್ವನ ಎದುರು ನೆಲದ ಮೇಲೆ ಕುಳಿತಳು. ಮುದುಕಿಯ ಕೊರಳಲ್ಲಿ ಬಿಳಿಯ ಬಟ್ಟೆಯಲ್ಲಿ ಸುತ್ತಿದ ಲಿಂಗ ಜೋತಾಡುತ್ತಿತ್ತು. ಶಾಂಭವಿಯ ಕೊರಳಲ್ಲೂ ಇತ್ತು, ಬೆಳ್ಳಿಯ ಕರಡಿಗೆಯಲ್ಲಿ.

'ಅವ್ವಾ, ನಿಮ್ಮ ಕೊಳ್ಳಾಗ ಇರೋದನ್ನ ಯಾರಿಗರ ಪಾಲು ಕೊಡ್ತೀರೇನು?'

'ಲಿಂಗಾನಾ?' ಜಂಬವ್ವನ ಕೈ ತಾನಾಗಿ ಅದನ್ನು ಹಿಡಿದುಕೊಂಡಿತು. 'ಏನ್ ಕೇಳ್ತೀರಿ ಅಮ್ಮಾರ. ಯಾರರ ಕೊಡ್ತಾರೇನು?'

'ಮಗನಿಗೆ? ಒಂದಿನದ ಮಟ್ಟಿಗೆ?'

'ಹೆತ್ತ ಮಗ ಆದ್ರೂ ಕೊಡಂಗಿಲ್ಲ. ಅವನದು ಅವನಿಗೆ ಐತಲ್ಲ.'

'ಅದೂ ಅಜ್ಜ ಕೊಟ್ಟಿದ್ದ, ಇದೂ ಅಜ್ಜ ಕೊಟ್ಟಿದ್ದ. ಪ್ರಸಾದ ಅಂತ ಅಯ್ಯಾರು ಮೈಕಿನ್ಯಾಗ ತಪ್ಪಿ ಹೇಳ್ಯಾರ, ನಾ ಅವರಿಗೆ ಹೇಳ್ತೀನಿ. ಈ ಗುಳಿಗಿ ಲಿಂಗ ಇದ್ದಂಗ. ನಿಮ್ಮ ಮೈಗೆ ಅಂತ ಕಟ್ಟಿದ್ದು. ನಿಮ್ಮದು ನೀವ ನುಂಗಬೇಕು, ಉಳಿದೋರು ಮುಟ್ಟಬಾರದು. ಗಂಗಾಂಬಿಕಾಗ ಡಾಕ್ಟ್ರು ಬ್ಯಾರೆ ಕೊಟ್ಟಾರ, ಅದು ಆಕಿದು.'

ಜಂಬವ್ವ ಅಡಕೊತ್ತನ್ನು ಮುಚ್ಚಿದಳು, ತೆರೆದಳು. ಇಷ್ಟು ತಿಂಗಳು ತಾನು ಮಾಡಿದ್ದು ಭಕ್ತಿಯೋ ತಪ್ಪೋ ಎಂದು ಅವಳು ಒಳಗೇ ತೂಗಿ ನೋಡುತ್ತಿದ್ದಳು. ಪಂಪಣ್ಣ ಕೆಮ್ಮಿದ.

'ಖರೇ ಐತಿ ಬಿಡ್ರಿ,' ಎಂದಳು ಕಡೆಗೆ. 'ಲಿಂಗಾ ಒಬ್ಬರದು ಒಬ್ಬರಿಗೆ. ಸತ್ತಾಗೂ ಅಂಗೈಯಾಗ ಇಟ್ಟು, ಬೆರಳು ಮುಚ್ಚಿ ಕಳಸ್ತಾರ. ಬ್ಯಾರೇದೋರಿಗೆ ಉಳಸಂಗಿಲ್ಲ.'

ಕೊಡಿ ಎನ್ನುವ ಹಾಗೆ ಅವಳು ಅಂಗೈ ಚಾಚಿದಳು.

ಶಾಂಭವಿ ಶೀಟಿನಿಂದ ಹೊಸ ಗುಳಿಗೆ ಒತ್ತಿ ತೆಗೆದು ಆ ಅಂಗೈಯಲ್ಲಿ ಇಟ್ಟಳು. ಇಟ್ಟವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜಂಬವ್ವನ ಬೆರಳುಗಳನ್ನು ಒಂದೊಂದಾಗಿ ಮಡಿಸತೊಡಗಿದಳು. ಅವಳ ಕೈಗೆ ಈ ಕೆಲಸ ಗೊತ್ತಿತ್ತು. ಕಂಪ್ಲಿಯ ಮನೆಯಲ್ಲಿ ದಿನಾ ಬೆಳಿಗ್ಗೆ, ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತ ಗಂಡನ ಅಂಗೈಯಲ್ಲಿ ಗುಳಿಗೆ ಇಟ್ಟು ಬೆರಳು ಮಡಿಸಿ, 'ನುಂಗ್ರಿ, ಮರೀಬ್ಯಾಡ್ರಿ' ಎಂದು ಹೇಳಿ ಅವಳು ಒಳಗೆ ಹೋಗುತ್ತಿದ್ದಳು. ಒಲೆಯ ಮೇಲೆ ಏನಾದರೂ ಇದ್ದೇ ಇರುತ್ತಿತ್ತು. ಹಾಗೆಯೇ ಅವನನ್ನು ಸಮಾಧಿಯ ಕುಣಿಯಲ್ಲಿ ಕೂರಿಸಿದ ದಿನ ಕೊಟ್ರಯ್ಯನವರು ಅವನ ಎಡಗೈಯಲ್ಲಿ ಲಿಂಗ ಇಟ್ಟರು. ಸೆಟೆದ ಬೆರಳುಗಳು ಮುಚ್ಚಲಿಲ್ಲ. 'ಯವ್ವಾ, ನೀವ ಮುಚ್ರಿ' ಎಂದು ಅವಳನ್ನು ಕರೆದರು. ಅವಳು ಬಗ್ಗಿ ಒಂದೊಂದೇ ಬೆರಳು ಮಡಿಸಿದಳು. ಕೊನೆಯ ಬೆರಳು ಮಡಿಸಿ ಆದ ಮೇಲೆ, ದಿನದ ರೂಢಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, 'ನುಂಗ್ರಿ, ಮರೀಬ್ಯಾಡ್ರಿ' ಎಂದುಬಿಟ್ಟಳು. ಸುತ್ತ ನಿಂತ ಮಂದಿ ಹೋ ಎಂದು ಅತ್ತಿತು. ಯಾಕೆ ಅಳುತ್ತಿದ್ದಾರೆ ಎಂದು ಅವಳಿಗೆ ಅವತ್ತು ತಿಳಿದಿರಲಿಲ್ಲ.

ಈಗಲೂ ಆ ಮಾತು ನಾಲಿಗೆಯ ತುದಿಗೆ ಬಂತು. ಬಂದು ಅಲ್ಲೇ ನಿಂತಿತು. ಅವಳು ಜಂಬವ್ವನ ಮುಷ್ಟಿಯನ್ನು ಹಿಡಿದುಕೊಂಡು ಕುಳಿತಳು. ಎದ್ದು ಹೋಗಲಿಲ್ಲ.

'ಕೈ ಬಿಟ್ರ ನುಂಗ್ತೀನ್ರಿ,' ಎಂದಳು ಜಂಬವ್ವ ಮೆಲ್ಲಗೆ.

ಶಾಂಭವಿ ಕೈ ಬಿಟ್ಟಳು. ಗಂಗಾಂಬಿಕಾ ಚೊಂಬು ತಂದಿಟ್ಟಳು. ಜಂಬವ್ವ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ನೀರು ಎತ್ತಿ ಕುಡಿದು, ಕಣ್ಣು ಮುಚ್ಚಿ ನುಂಗಿದಳು. ಚೂರು ನುಂಗಿ ರೂಢಿಯಾದ ಗಂಟಲು, ಇಡೀ ಗುಳಿಗೆ ಇಳಿಯಲು ಎರಡು ಗುಟುಕು ಬೇಕಾಯಿತು. ನುಂಗಿದ ಮೇಲೆ ಗಂಡನ ಕಡೆಗೂ ಮಗನ ಕಡೆಗೂ ನೋಡಿದಳು, ಮನೆಯಲ್ಲಿ ಕದ್ದು ತಿಂದು ಸಿಕ್ಕಿಬಿದ್ದವಳ ಹಾಗೆ.

'ಬಾಯಿ ತಗೀರಿ,' ಎಂದಳು ಶಾಂಭವಿ.

'ಆಂ?'

'ಬಾಯಿ ತಗೀರಿ ಅವ್ವಾ. ನಾ ನೋಡಬೇಕು.'

ಜಂಬವ್ವ ಬಾಯಿ ತೆರೆದಳು. ನಾಲಿಗೆ ಎತ್ತಿದಳು, ಆ ದವಡೆ ಈ ದವಡೆ ತೋರಿಸಿದಳು. ಉದುರಿ ಉಳಿದ ನಾಲ್ಕಾರು ಹಲ್ಲು, ಎಲೆಅಡಿಕೆಗೆ ಕೆಂಪಾದ ನಾಲಿಗೆ. ಗುಳಿಗೆ ಎಲ್ಲೂ ಇರಲಿಲ್ಲ. ಶಾಂಭವಿ ಬಗ್ಗಿ ನೋಡುತ್ತಲೇ ಇದ್ದಳು. ನೋಡಿದ್ದಾಯಿತು, ಇನ್ನು ಎದ್ದು ಹೋಗಬಹುದು ಎಂದು ಅಂದುಕೊಂಡಳು, ಆದರೆ ಏಳಲು ಆಗಲಿಲ್ಲ. ಗಂಟಲಿನಿಂದ ಒಂದು ದನಿ ಹೊರಟಿತು. ಅದು ತನ್ನದೇ ಎಂದು ಅವಳಿಗೆ ತಿಳಿಯುವ ಮುಂಚೆ ಮನೆಯವರಿಗೆಲ್ಲ ತಿಳಿಯಿತು. ಅವಳು ಅದೇ ನೆಲದ ಮೇಲೆ, ಸರಿಯಾಗಿ ಗುರುತು ಪರಿಚಯ ಇಲ್ಲದ ಮಂದಿಯ ನಡುವೆ, ಮೈ ಅಲುಗಾಡುವ ಹಾಗೆ ಅಳತೊಡಗಿದಳು.

ಪಂಪಣ್ಣ ಗಾಬರಿಯಾಗಿ, 'ಗುಳಿಗಿ ತಪ್ಪಿ ಕೊಟ್ರೇನು?' ಎಂದು ಮಗನನ್ನು ಕೇಳಿದ. ಮಗನಿಗೇನು ಗೊತ್ತು. ಗುಡಿಯ ಕಡೆಯಿಂದ ಹಾರ್ನು ಮತ್ತೆ ಕೇಳಿಸಿತು.

ಜಂಬವ್ವ ಮಾತ್ರ ಹತ್ತಿರ ಸರಿದು ಬಂದು, ಅಮ್ಮಾರ ಎನ್ನುವುದನ್ನೆಲ್ಲ ಮರೆತು, ಅವಳ ಬೆನ್ನಿನ ಮೇಲೆ ಕೈ ಇಟ್ಟಳು.

'ನುಂಗೀನಿ ಯವ್ವಾ, ಪೂರಾ ನುಂಗೀನಿ,' ಎಂದಳು. 'ಯಾಕ ಅಳ್ತೀ? ನೋಡಿದ್ಯಲ್ಲ, ನುಂಗೀನಿ.'